ಮಾವನ ಕೈತಪ್ಪಿದ ಜಿಂಕೆಗಳು

ನಾನು ಮದುವೆಯಾಗಿ ವಿಲ್ಸನ್ ಗಾರ್ಡನ್‌ನಿಂದ ವಸಂತಪುರಕ್ಕೆ ಬಂದಾಗ ಜಯನಗರದ ಆಚೆ ತುದಿಯಲ್ಲಿ ಇನ್ನೂ ಸೈಟಿನ ಕಲ್ಲು ನೆಡುತ್ತಿದ್ದರು. ಬನಶಂಕರಿ ಗುಡಿ ದಾಟಿದರೆ ಬೆಂಗಳೂರು ಮುಗಿಯಿತು ಅಂತ ನಮ್ಮ ಕಡೆಯವರ ಎಣಿಕೆ. ಅದರಾಚೆಗೆ ಹೆಣ್ಣು ಕೊಡುತ್ತಾರಾ ಅಂತ ನನ್ನ ಗೆಳತಿಯರು ಬೆರಗಾದರು. "ಅಲ್ಲಿ ಹುಲಿ ಇದೆಯಂತಲ್ಲೇ?" ಎಂದು ಒಬ್ಬಳು ಕೇಳಿದಳು. ಹುಲಿ ಇರಲಿಲ್ಲ. ಜಿಂಕೆ ಇದ್ದವು.

ಆದರೆ ಬಂದ ಮೊದಲ ತಿಂಗಳುಗಳಲ್ಲಿ ನಾನು ಜಿಂಕೆ ನೋಡಲಿಲ್ಲ, ಅದರ ಕತೆ ಕೇಳಿದೆ ಅಷ್ಟೆ. ನಮ್ಮ ಮಾವನ ಹತ್ತಿರ ಬೆಳೆ ಕಾಯುವುದಕ್ಕೆ ಲೈಸೆನ್ಸ್ ಪಡೆದ ಕೇಪಿನ ಬಂದೂಕಿತ್ತು. ಮದ್ದು ತುಂಬಿ, ಗಿಡಿದು, ಒಂದೇ ಒಂದು ಗುಂಡು ಹೊಡೆಯುವಂಥದ್ದು. ರಾಗಿ ಕೊಯ್ದ ಮೇಲೆ ಹೊಲದಲ್ಲಿ ಅವರೆ ಸಾಲು ಉಳಿಯುತ್ತಿತ್ತಲ್ಲ, ಅದನ್ನು ಮೇಯಲು ತುರಹಳ್ಳಿ ಕಾಡಿನಿಂದ ಜಿಂಕೆಗಳು ಇಳಿದು ಬರುತ್ತಿದ್ದವು. ಮಾವ ಬಂದೂಕು ಹೆಗಲಿಗೇರಿಸಿಕೊಂಡು ಹೋಗೋರು, ಬರಿಗೈಲಿ ಬರೋರು, ಮುದ್ದೆ ಮುರೀತಾ ತಪ್ಪಿಸಿಕೊಂಡದ್ದರ ಕತೆ ಹೇಳೋರು.

ಬಂಡೆ ಸಂದಿಗೆ ನುಗ್ಗಿ ಮಾಯವಾದದ್ದು ಒಂದು. ಕೆರೆಗೆ ಹಾರಿ, ಮೂಗು ಮಾತ್ರ ಮೇಲಿಟ್ಟುಕೊಂಡು, ಜೊಂಡಿನ ನಡುವೆ ಇವರು ಬೇಸತ್ತು ಹೋಗುವ ತನಕ ನಿಂತದ್ದು ಇನ್ನೊಂದು. ನಾನು ಬಡಿಸುವುದನ್ನು ಮರೆತು ಕೇಳುತ್ತಿದ್ದೆ.

"ಮಾವ, ಹೊಡೆದದ್ದರ ಕತೆನೂ ಹೇಳಿ" ಅಂದೆ ಒಂದು ಸಲ.

"ಅದರಲ್ಲಿ ಏನಿದೆಯಮ್ಮ? ಹೊಡೆದೆ, ತಂದೆ, ಊರವರು ತಿಂದ್ರು. ತಪ್ಪಿಸಿಕೊಂಡದ್ದು ಎಲ್ಲಿಗೆ ಹೋಯ್ತು, ಏನು ಮಾಡ್ತು, ಅದು ತಾನೇ ಕೇಳೋ ಅಂಥದ್ದು?"

ಒಲೆ ಮುಂದಿನಿಂದ ಅತ್ತೆ, "ಇವರು ತಂದದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ" ಅಂದರು.

ಕತೆಗಳನ್ನು ಕೇಳುತ್ತ ಕೇಳುತ್ತ ನನಗೊಂದು ವಿಷಯ ವಿಚಿತ್ರ ಅನ್ನಿಸತೊಡಗಿತು. ಹಳೆಯ ಕತೆಗಳಲ್ಲಿ ಕೊಂಬಿನ ಕವಲು, ಬೆನ್ನಿನ ಚುಕ್ಕೆ, ಕಿವಿಯ ಒಳಗಿನ ಬಿಳಿ ಕೂದಲು ಎಲ್ಲ ಇರುತ್ತಿತ್ತು. ಈಚಿನ ಕತೆಗಳಲ್ಲಿ ಬರೀ ಸದ್ದು. ತರಗೆಲೆ ಸರಕ್ ಅಂತು, ಗೊರಸು ಟಕ್ ಅಂತು, ಅಷ್ಟರಲ್ಲಿ ಹೋಯ್ತು. ಯಾಕೆ ಹೀಗೆ ಅಂತ ನನಗೆ ಹೊಳೆಯಲಿಲ್ಲ. ಹೋಗಿ ನೋಡಬೇಕು ಅನ್ನುವ ಆಸೆ ಮಾತ್ರ ಹತ್ತಿಕೊಂಡಿತು.

ಆ ಚಳಿಗಾಲದಲ್ಲಿ ಮಾವನ ಜೊತೆ ಹೋಗುತ್ತಿದ್ದ ಆಳಿಗೆ ಜ್ವರ ಬಂತು. ನನ್ನ ಗಂಡ ಮಿಲ್ಲಿನ ಮೊದಲ ಪಾಳಿಗೆ ಸೈಕಲ್ ಹತ್ತಿ ಹೊರಟಾಗಿತ್ತು. "ನಾನು ಬರ್ಲಾ ಮಾವ?" ಅಂದೆ. ಅತ್ತೆ ಕೈಯಲ್ಲಿದ್ದ ಪೊರಕೆ ಹಾಗೇ ನಿಂತಿತು. "ಸೊಸೆ ಶಿಕಾರಿಗೆ ಹೋದ್ಲು ಅಂತ ಊರೆಲ್ಲ ನಗಬೇಕಾ?" ಅಂದರು. ಮಾವ, "ಬರ್ಲಿ ಬಿಡು. ಬಳೆ ಸದ್ದು ಮಾಡ್ಬಾರ್ದು ಅಷ್ಟೆ" ಅಂದರು. ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು, ಗಂಡನ ಸ್ವೆಟರು ತೊಟ್ಟು ಹೊರಟೆ.

ಬೆಳಕು ಹರಿಯುವ ಹೊತ್ತಿಗೆ ಹೊಲದ ಅಂಚಿನ ಬಂಡೆಯ ಮರೆಯಲ್ಲಿ ಕೂತಿದ್ದೆವು. ಅವರೆ ಹೂವಿನ ಸೊಗಡು ಮೂಗಿಗೆ ಅಡರುತ್ತಿತ್ತು. ಮೊದಲು ನನಗೆ ಕಂಡದ್ದು ಎರಡು ಕಿವಿ. ಆಮೇಲೆ ಕೊಂಬು, ಆಮೇಲೆ ಇಡೀ ಗಂಡು ಜಿಂಕೆ. ಕಾಯಿ ಕಿತ್ತು ದವಡೆ ಅಡ್ಡಡ್ಡ ಆಡಿಸುತ್ತ ತಿನ್ನುತ್ತಿತ್ತು, ಎಲೆಯಡಿಕೆ ಹಾಕಿಕೊಂಡ ಮುದುಕಿಯ ಹಾಗೆ. ನನಗೆ ನಗು ಬಂತು. ಮಾವನ ತೋಳು ಮುಟ್ಟಿದೆ.

"ಎಲ್ಲಿ?" ಅಂದರು, ಪಿಸುಮಾತಿನಲ್ಲಿ.

"ಅಗೋ ಮಾವ, ಹೊಂಗೆ ಮರದ ಎಡಕ್ಕೆ."

"ಯಾವ ಹೊಂಗೆ ಮರ?"

ಆ ಹೊಲದಲ್ಲಿದ್ದದ್ದು ಒಂದೇ ಹೊಂಗೆ ಮರ. ಅವರೇ ನೆಟ್ಟದ್ದು. ನಾನು ತಿರುಗಿ ಅವರ ಮುಖ ನೋಡಿದೆ. ಅವರು ಎದುರಿಗೆ ನೋಡುತ್ತಿದ್ದರು, ಆದರೆ ಕಣ್ಣು ಎಲ್ಲೂ ನಿಂತಿರಲಿಲ್ಲ. ಆಗ ನನಗೆ ಗೊತ್ತಾಯಿತು. ಅವರಿಗೂ ಗೊತ್ತಾಯಿತು, ನನಗೆ ಗೊತ್ತಾದದ್ದು.

"ಏನ್ಮಾಡ್ತಿದೆ?" ಕೇಳಿದರು.

"ತಿಂತಿದೆ."

"ಕೊಂಬು ದೊಡ್ಡದಾ?"

"ದೊಡ್ಡದೇ. ಒಂದರ ತುದಿ ಮುರಿದಿದೆ."

"ಹೌದಾ?" ಅಂದವರು ಬಂದೂಕನ್ನು ತೊಡೆಯ ಮೇಲೇ ಇಟ್ಟುಕೊಂಡು ಇನ್ನೂ ಏನೇನೋ ಕೇಳಿದರು. ಮೈಯ ಬಣ್ಣ ಕೆಂಪೋ ಕಂದೋ, ಜೊತೆಗೆ ಹೆಣ್ಣಿದೆಯೋ, ಬಾಲ ಅಲ್ಲಾಡುತ್ತಿದೆಯೋ. ಕೊನೆಗೆ ಬಂದೂಕೆತ್ತಿ, "ತೋರ್ಸು" ಅಂದರು. ನಾನು ನಳಿಗೆ ಹಿಡಿದು ಹೊಂಗೆ ಮರದ ಎಡಕ್ಕೆ ತಿರುಗಿಸಿ ಕೈ ತೆಗೆದೆ. ಗುಂಡು ಹಾರಿತು. ಹೊಗೆ ಸರಿದಾಗ ಮರದ ಒಂದು ರೆಂಬೆ ಜೋತಾಡುತ್ತಿತ್ತು. ಜಿಂಕೆ ಬದುವಿನಾಚೆಗೆ ಹಾರಿತ್ತು. ಹಾರಿದ್ದು ಓಡಿಹೋಗಲಿಲ್ಲ, ನಿಂತು ತಿರುಗಿ ನೋಡಿ ಆಮೇಲೆ ಕಾಡಿನ ಕಡೆ ನಡೆಯಿತು. ಅದನ್ನೇ ಮಾವನಿಗೆ ಹೇಳಿದೆ.

"ತಿರುಗಿ ನೋಡ್ತಾ? ನನ್ನನ್ನಾ?"

"ನನ್ನನ್ನ ಅನ್ಸುತ್ತೆ ಮಾವ."

ಅವರು ನಕ್ಕರು. ವಾಪಸು ಬರುವ ದಾರಿಯಲ್ಲಿ ನಾನೇ ಕೇಳಿದೆ, "ಎಷ್ಟು ದಿನದಿಂದ ಹೀಗೆ?"

"ಎರಡು ಸುಗ್ಗಿ ಆಯ್ತು. ಮೊದಲು ಮಂಜು ಅಂದ್ಕೊಂಡೆ. ಮಧ್ಯಾಹ್ನ ಆದ್ರೂ ಮಂಜು ಕರಗ್ಲಿಲ್ಲ." ಸ್ವಲ್ಪ ದೂರ ನಡೆದು, "ನಿಮ್ಮತ್ತೆಗೆ ಹೇಳ್ಬೇಡ" ಅಂದರು.

"ಹೇಳ್ತೀನಿ ಮಾವ" ಅಂದೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

ಅತ್ತೆ ಕೇಳಿ ಬೆರಗಾಗಲಿಲ್ಲ. "ನಂಗೆ ಅನುಮಾನ ಇತ್ತು. ಅನ್ನದಲ್ಲಿ ಕಲ್ಲಿದ್ರೆ ತಟ್ಟೆ ತಳ್ಳೋರು, ಈಗ ಕೈಯಲ್ಲೇ ತಡಕಿ ತೆಗೆದಿಟ್ಟು ಸುಮ್ನೆ ತಿಂತಿದ್ರು" ಅಂದು ಸೆರಗಿನಿಂದ ಮೂಗು ಒರೆಸಿಕೊಂಡರು. ನನ್ನ ಗಂಡ ರಜೆ ಹಾಕಿ ಮಾವನನ್ನು ಪೇಟೆಯ ಕಣ್ಣಾಸ್ಪತ್ರೆಗೆ ಕರೆದೊಯ್ದರು. ಪೊರೆ ಬಂದಿದೆ, ಇನ್ನಷ್ಟು ಬಲಿಯಲಿ, ಆಮೇಲೆ ತೆಗೆಯೋಣ ಅಂದರಂತೆ ಡಾಕ್ಟರು. ಬೇಸಿಗೆ ಮುಗಿಯುವ ಹೊತ್ತಿಗೆ ಆಪರೇಷನ್ ಆಯಿತು. ತಲೆಯ ಎರಡೂ ಪಕ್ಕ ಮರಳು ಚೀಲ ಇಟ್ಟು ಅಲ್ಲಾಡದ ಹಾಗೆ ಮಲಗಿಸಿದ್ದರು. ನಾನು ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತ ವಾರ್ಡಿನಲ್ಲಿ ಯಾರು ಬಂದರು, ಯಾರು ಹೋದರು, ಯಾವ ಸೀರೆ ಉಟ್ಟಿದ್ದರು ಅಂತ ಹೇಳುತ್ತಿದ್ದೆ. ಅವರು ಕೇಳುತ್ತಲೇ ಇರೋರು.

ಸೀಸೆಯ ತಳದಂಥ ದಪ್ಪ ಕನ್ನಡಕ ಹಾಕಿಕೊಂಡು ಮನೆಗೆ ಬಂದರು. ಅತ್ತೆಯನ್ನು ನೋಡಿ, "ಯಾವಾಗ್ಲೇ ಇಷ್ಟು ತಲೆ ನರೆತದ್ದು?" ಅಂದರು. "ನಿಮ್ಮ ತಲೆ ಜೊತೆಗೇ" ಅಂದರು ಅತ್ತೆ. ನನ್ನನ್ನಂತೂ ನಡುಮನೆಯಲ್ಲಿ ನಿಲ್ಲಿಸಿ ನೋಡಿದರು. ಮದುವೆಯ ದಿನವೂ ನಾನು ಅವರಿಗೆ ಬರೀ ಬಣ್ಣದ ಮಬ್ಬಾಗಿದ್ದೆನಂತೆ. "ಹಿಂಗಿದ್ದೀಯೇನಮ್ಮ ನೀನು!" ಅಂದರು. ಚೆನ್ನಾಗಿದ್ದೇನೆ ಅಂದರೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಮತ್ತೆ ಚಳಿಗಾಲ ಬಂತು, ಅವರೆ ಹೂ ಬಿಟ್ಟಿತು. ಆಳು ಗಟ್ಟಿಮುಟ್ಟಾಗಿದ್ದ. ಆದರೂ ಮಾವ ಕರೆದದ್ದು ನನ್ನನ್ನೇ. ಅತ್ತೆ ಈ ಸಲ ತಾವೇ ಸ್ವೆಟರು ತಂದುಕೊಟ್ಟರು.

ಅದೇ ಬಂಡೆಯ ಮರೆಯಲ್ಲಿ ಕೂತೆವು. ಜಿಂಕೆ ಬಂತು. ನಾನು ಹೇಳುವ ಮೊದಲೇ ಮಾವ ನನ್ನ ತೋಳು ಒತ್ತಿದರು. ಚಿಕ್ಕ ಕೊಂಬಿನ ಎಳೆಯ ಗಂಡು. ಅವರು ನೋಡಿದರು, ನೋಡುತ್ತಲೇ ಇದ್ದರು. "ಎಷ್ಟು ದೊಡ್ಡದಾಗಿದೆಯಮ್ಮ" ಅಂದರು. ನನಗೇನೋ ಅದು ಸಣ್ಣದಾಗಿಯೇ ಕಂಡಿತು. ಗುರಿ ಹಿಡಿದರು, ಗುಂಡು ಹಾರಿತು. ಜಿಂಕೆಯ ಈಚೆಗೆ, ಎಷ್ಟೋ ಈಚೆಗೆ, ಮಣ್ಣು ಎದ್ದಿತು. ಜಿಂಕೆ ನೆಗೆದು ಹೋಯಿತು.

"ಇಷ್ಟು ಹತ್ತಿರ ಇತ್ತಲ್ಲಮ್ಮ! ಕೈ ಚಾಚಿದ್ರೆ ಸಿಗ್ತಿತ್ತು!"

"ದೂರ ಇತ್ತು ಮಾವ."

ನಂಬಲಿಲ್ಲ. ಬಂದೂಕು ನನ್ನ ಕೈಗೆ ಕೊಟ್ಟು ಜಿಂಕೆ ನಿಂತಿದ್ದ ಕಡೆಗೆ ಹೊರಟರು. ಅವರೆ ಸಾಲು ದಾಟಿ ನಡೆದರು, ನಡೆದರು, ಮಧ್ಯೆ ಮಧ್ಯೆ ನಿಂತು ತಿರುಗಿ ನನ್ನ ಕಡೆ ನೋಡಿದರು, ಕನ್ನಡಕ ಎತ್ತಿ ನೋಡಿದರು, ಇಳಿಸಿ ನೋಡಿದರು. ಅಷ್ಟು ದೂರದಿಂದ ಕೂಗಿದರು, "ನೀನೂ ನಂಗೆ ಪಕ್ಕದಲ್ಲೇ ಇರೋ ಹಾಗೆ ಕಾಣ್ತೀಯಲ್ಲಮ್ಮ!"

ಆ ಕನ್ನಡಕ ಎಲ್ಲವನ್ನೂ ದೊಡ್ಡದು ಮಾಡಿ ಹತ್ತಿರ ತಂದು ನಿಲ್ಲಿಸುತ್ತಿತ್ತು. ಮನೆಗೆ ಬಂದ ಮೇಲೆ ನಾನೂ ಒಮ್ಮೆ ಹಾಕಿಕೊಂಡು ನೋಡಿದೆ, ತಲೆ ತಿರುಗಿ ಗೋಡೆ ಹಿಡಿದುಕೊಂಡೆ. ಹೊಲದಲ್ಲಿ ಅವರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಜಿಂಕೆಯ ಗೊರಸಿನ ಗುರುತನ್ನು ಬಗ್ಗಿ ನೋಡಿದರು, ಅರ್ಧ ತಿಂದ ಕಾಯಿ ಎತ್ತಿ ನೋಡಿದರು, ಕಾಡಿನ ಅಂಚಿನವರೆಗೂ ಜಾಡು ಹಿಡಿದು ನಡೆದರು. ನಾನೂ ಹಿಂದೆ ಹೋದೆ. ಲಂಟಾನ ಪೊದೆಯ ಕೆಳಗೆ ಹುಲ್ಲು ಒರಗಿ, ಇನ್ನೂ ಬೆಚ್ಚಗಿದ್ದ ಒಂದು ಜಾಗ ಸಿಕ್ಕಿತು. ಮಾವ ಅಲ್ಲಿ ಅಂಗೈ ಊರಿ, "ಇಲ್ಲೇ ಮಲಗಿರ್ತವೆ ನೋಡು, ನಮ್ಮ ಹೊಲಕ್ಕೆ ಇಷ್ಟು ಹತ್ತಿರ" ಅಂದರು. ಅದೊಂದು ಮಾತ್ರ ನಿಜವಾಗಿಯೂ ಹತ್ತಿರವೇ ಇತ್ತು.

ಅವತ್ತು ಊಟಕ್ಕೆ ಕೂತಾಗ ಕತೆಯನ್ನು ಇಬ್ಬರೂ ಸೇರಿ ಹೇಳಿದೆವು. ಅವರು ದೊಡ್ಡದು ಅಂದದ್ದನ್ನು ನಾನು ಸಣ್ಣದು ಅಂದೆ, ಹತ್ತಿರ ಅಂದದ್ದನ್ನು ದೂರ ಅಂದೆ. ಅತ್ತೆ ಮಜ್ಜಿಗೆ ಬಡಿಸಲಾರದೆ ಸೌಟು ಕೆಳಗಿಟ್ಟು ನಕ್ಕರು. ಬಂದೂಕನ್ನು ಮುಂದೆ ಮಾವ ತಮ್ಮ ದಾಯಾದಿಯೊಬ್ಬರಿಗೆ ಬಿಟ್ಟುಕೊಟ್ಟರು. ಅವರೆ ಕಾಯಲು ಆಮೇಲೆ ಆಳು ಡಬ್ಬ ಬಡಿಯುತ್ತಿದ್ದ. ಜಿಂಕೆಗಳು ಆ ಸದ್ದಿಗೂ ಬೇಗ ಒಗ್ಗಿಕೊಂಡವು, ಆ ವರ್ಷ ಕಾಡಿನ ಪಕ್ಕದ ಸಾಲಿನಲ್ಲಿ ನಮಗೆ ಒಂದು ಕಾಯಿಯೂ ಸಿಗಲಿಲ್ಲ.