ಫ್ಲೆಕ್ಸ್ ಅಂಗಡಿಯವನ ನಾಲ್ಕು ಸ್ಲೈಡು

ಶಹಾಪುರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬವೋ ಗೃಹಪ್ರವೇಶವೋ, ಬ್ಯಾನರಿನಲ್ಲಿ ಅಂಗೈಯಗಲ ಜಾಗ ಖಾಲಿ ಉಳಿದರೆ ಗಿರಾಕಿ ಮುಖ ಗಂಟಿಕ್ಕುತ್ತಾನೆ. "ಇಲ್ಲಿ ಇನ್ನೊಬ್ರು ಹಿಡೀತಾರ ನೋಡ್ರಿ, ನಮ್ಮ ಕಾಕಾನ ಫೋಟೋ ಹಾಕ್ರಿ" ಎನ್ನುತ್ತಾನೆ. ವರ್ಷಗಟ್ಟಲೆ ಹೀಗೆ ತುಂಬಿಸಿ ತುಂಬಿಸಿ ನನಗೂ ಖಾಲಿ ಜಾಗ ಕಂಡರೆ ಆಗುವುದಿಲ್ಲ.

ನನ್ನ ಅಕ್ಕ ಕೊಂಕಲ್ ಕಡೆಯ ಒಂದು ಊರಿನಲ್ಲಿ ಅಂಗನವಾಡಿ ಟೀಚರ್. ಅಂಗನವಾಡಿ ನಡೆಯುತ್ತಿದ್ದ ಬಾಡಿಗೆ ಕೋಣೆಯ ಮಣ್ಣಿನ ಮಾಳಿಗೆ ಕುಸಿದ ಮೇಲೆ ಮಕ್ಕಳನ್ನು ಬೇವಿನ ಗಿಡದ ಕೆಳಗೆ ಕೂರಿಸುತ್ತಿದ್ದಳು. ಯಾದಗಿರಿಯಲ್ಲಿ ಅಧಿಕಾರಿಗಳ ಸಭೆ. ಅವಳಿಗೆ ಹತ್ತು ನಿಮಿಷ ಸಿಕ್ಕಿತ್ತು. ಅಷ್ಟರಲ್ಲಿ ಒಪ್ಪಿಸಿದರೆ ಹೊಸ ಕೋಣೆ, ಇಲ್ಲವಾದರೆ ಇನ್ನೊಂದು ಮಳೆಗಾಲ ಗಿಡವೇ ಗತಿ. "ತಮ್ಮಾ, ಪರದೆ ಮ್ಯಾಲ ತೋರಿಸೋದು ನೀನೇ ಮಾಡಿಕೊಡಪ" ಎಂದಳು.

ಮಾಡಿದೆ. ಇಪ್ಪತ್ತೆರಡು ಸ್ಲೈಡು! ಮೊದಲಿಗೆ ದೀಪ, ಹೂವು, ಹಾರ್ದಿಕ ಸ್ವಾಗತ. ಆಮೇಲೆ ವೇದಿಕೆ ಮೇಲೆ ಕೂರುವವರೆಲ್ಲರ ಫೋಟೋ, ಹುದ್ದೆಯ ಪ್ರಕಾರ ದೊಡ್ಡದು ಚಿಕ್ಕದು. ಯಾರಿಗೂ ಅಸಮಾಧಾನ ಆಗಬಾರದಲ್ಲ. ಅಕ್ಷರಗಳು ಗಿರಗಿರ ತಿರುಗಿ ಬಂದು ಕೂರುತ್ತಿದ್ದವು. ಕೊನೆಯಲ್ಲಿ ನನ್ನ ಅಂಗಡಿಯ ಹೆಸರು. ಎದೆಯುಬ್ಬಿಸಿಕೊಂಡು ಅಕ್ಕನಿಗೂ ಅವಳ ಜೊತೆ ಬಂದಿದ್ದ ಅಂಗನವಾಡಿಯ ಆಯಾಗೂ ತೋರಿಸಿದೆ.

ಆಯಾಗೆ ಓದಲು ಬರುವುದಿಲ್ಲ. ಕಣ್ಣು ಕಿರಿದು ಮಾಡಿ ನೋಡಿ, "ಚಂದ ಐತ್ರಿ. ಯಾರ ಮದುವಿ?" ಎಂದಳು.

ಅಕ್ಕ ಬಿದ್ದು ಬಿದ್ದು ನಕ್ಕಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಆರು ತಾಸು ಕುಂತು ಮಾಡೀನಿ" ಎಂದೆ. ಅವಳು ನಗು ನಿಲ್ಲಿಸಿ, "ಹೌದಪ. ಆದ್ರ ನನ್ನ ಹುಡುಗ್ರು ಎಲ್ಲದಾರ ಇದ್ರಾಗ?" ಎಂದಳು. ಹುಡುಕಿದೆ. ಹತ್ತೊಂಬತ್ತನೆಯ ಸ್ಲೈಡಿನ ಮೂಲೆಯಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿದ್ದರು. ನನಗೆ ನಾಚಿಕೆಯಾಯಿತು.

ಅಳಿಸುತ್ತಾ ಹೋದೆ. ನಾಲ್ಕು ಉಳಿದವು: ಕುಸಿದ ಮಾಳಿಗೆ, ಗಿಡದ ಕೆಳಗೆ ತಟ್ಟೆ ಹಿಡಿದ ಮಕ್ಕಳು, ಮಳೆ ಬಂದ ದಿನ ಅದೇ ಜಾಗದಲ್ಲಿ ನಿಂತ ನೀರು, ಊರವರು ಕೊಡಲು ಒಪ್ಪಿದ ನಿವೇಶನ. ಒಂದೊಂದಕ್ಕೂ ಒಂದೇ ಸಾಲು, ಹಿಂದಿನ ಕುರ್ಚಿಯವರಿಗೂ ಕಾಣುವಷ್ಟು ದೊಡ್ಡ ಅಕ್ಷರ. ಮತ್ತೆ ಆಯಾಗೆ ತೋರಿಸಿದೆ. ಈ ಸಲ ಅವಳು ಒಂದೊಂದೇ ಮಗುವಿನ ಹೆಸರು ಹಿಡಿದು ಕರೆಯತೊಡಗಿದಳು. ನಾಲ್ಕನೆಯದರ ಕೆಳಗೆ ಉಳಿಸಿಕೊಂಡಿದ್ದ ನನ್ನ ಅಂಗಡಿಯ ಹೆಸರು ತೆಗೆಯುವಾಗ ಮಾತ್ರ ಕೈ ಸ್ವಲ್ಪ ತಡೆಯಿತು. ತೆಗೆದೆ.

ಸಭೆಯಲ್ಲಿ ಗುಂಡಿ ಒತ್ತುವ ಕೆಲಸ ನನ್ನದು. ಮೂರನೆಯ ಪಟ ಬಂದಾಗ ಹಿರಿಯ ಅಧಿಕಾರಿಯೊಬ್ಬರು, "ಮಳಿ ಬಂದ್ರ ಮಕ್ಕಳನ್ನ ಎಲ್ಲಿ ಕೂಡಸ್ತೀರಿ?" ಎಂದು ಕೇಳಿದರು.

"ಮನಿಗೆ ಕಳಸ್ತೀನ್ರಿ. ಅವತ್ತು ಕೆಲವ್ರಿಗೆ ಮಧ್ಯಾಹ್ನದ ಊಟ ಇಲ್ರಿ" ಎಂದಳು ಅಕ್ಕ.

ನಾನು ಪಟ ಮುಂದೆ ಸರಿಸಲಿಲ್ಲ. ಎಲ್ಲರೂ ಆ ನೀರನ್ನೇ ನೋಡುತ್ತಿದ್ದರು. ಹತ್ತು ನಿಮಿಷ ಮುಗಿಯುವ ಮೊದಲೇ ಕೋಣೆಗೆ ಒಪ್ಪಿಗೆ ಸಿಕ್ಕಿತು. ಅಕ್ಕನ ಮುಖ ನೋಡಿ ನನ್ನ ಕಣ್ಣು ತುಂಬಿದವು.

ಕೋಣೆ ಕಟ್ಟಿ ಮುಗಿದ ಮೇಲೆ ಅದರ ಉದ್ಘಾಟನೆಗೆ ಫ್ಲೆಕ್ಸ್ ಹೇಳಲು ಅವಳೇ ಅಂಗಡಿಗೆ ಬಂದಳು. "ಈಗ ಎಲ್ಲಾ ಸಾಹೇಬ್ರ ಫೋಟೋ ಹಾಕಪ, ಹೂವು ಹಾಕು, ಚೂರೂ ಜಾಗ ಬಿಡಬ್ಯಾಡ. ನಿನ್ನ ಅಂಗಡಿ ಹೆಸರು ದೊಡ್ಡದಾಗಿ ಇರಲಿ."

ಹೇಳಿದಂತೆಯೇ ಮಾಡಲು ಕುಳಿತೆ. ನಡುವೆ, ಸಾಹೇಬರೆಲ್ಲರಿಗಿಂತ ದೊಡ್ಡದಾಗಿ, ಆ ಮಕ್ಕಳನ್ನು ಕೂರಿಸಿದೆ. ನನ್ನ ಅಂಗಡಿಯ ಹೆಸರಿಗೆ ಜಾಗವೇ ಉಳಿಯಲಿಲ್ಲ.