ಸೇತುರಾಮರ ಎಡಭುಜ

ಜೆ.ಪಿ. ನಗರದ ಆ ಗಾಲ್ಫ್ ಅಂಗಡಿಗೆ ಬಂದವರು ಭುಜ ನೋಯುತ್ತದೆ ಎಂದರೆ ಸಾಕು, ಚಿನ್ನಪ್ಪ ವ್ಯಾಪಾರವನ್ನು ಅಲ್ಲಿಗೇ ನಿಲ್ಲಿಸುತ್ತಿದ್ದ. "ಮೊದ್ಲು ಡಾಕ್ಟ್ರಿಗೆ ತೋರಿಸ್ಕೊಂಡ್ ಬನ್ನಿ ಸಾರ್, ಸ್ಟಿಕ್ ಎಲ್ಲೂ ಓಡಿಹೋಗಲ್ಲ." ಬಂದ ಗಿರಾಕಿಯನ್ನು ವಾಪಸ್ಸು ಕಳಿಸುತ್ತಾನೆಂದು ಮಾಲೀಕ ಯುವರಾಜ್ ಎಷ್ಟೋ ಸಲ ರೇಗಿದ್ದುಂಟು. ಆದರೆ ಕೆಲಸದಿಂದ ತೆಗೆಯುವಂತಿರಲಿಲ್ಲ. ಹಿಂದಿನ ಕೋಣೆಯ ಬಲೆಗೆ ನಾಲ್ಕು ಚೆಂಡು ಹೊಡೆಸಿ, ಮಣಿಕಟ್ಟಿನಿಂದ ನೆಲಕ್ಕೆ ಟೇಪು ಹಿಡಿದು, ಯಾರ ಕೈಗೆ ಯಾವ ಕೋಲು ಒಗ್ಗುತ್ತದೆಂದು ಹೇಳುವುದರಲ್ಲಿ ಅವನ ಲೆಕ್ಕ ತಪ್ಪುತ್ತಿರಲಿಲ್ಲ.

ತಪ್ಪಿದ್ದು ಒಂದೇ ಸಲ, ಹನ್ನೊಂದು ವರ್ಷದ ಹಿಂದೆ. ಆಗ ಅವನು ಮೈದಾನದಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿ. ಜಯನಗರದ ಸೇತುರಾಮ ಎಂಬ ನಿವೃತ್ತ ಇಂಜಿನಿಯರು ಅವನನ್ನು ಬಿಟ್ಟು ಬೇರೆಯವರನ್ನು ಕರೆಯುತ್ತಿರಲಿಲ್ಲ. ತಮ್ಮ ಚೆಂಡು ಮೊದಲಿನಷ್ಟು ದೂರ ಹೋಗುತ್ತಿಲ್ಲವೆಂದು ಅವರು ಕೊರಗಿದಾಗ, ಚಿನ್ನಪ್ಪನೇ ಮುಂದೆ ನಿಂತು ಗಡಸಾದೊಂದು ಕೋಲು ಆರಿಸಿಕೊಟ್ಟಿದ್ದ. ಅದು ಅವರ ವಯಸ್ಸಿಗೆ ಹೆಚ್ಚೇ ಎಂದು ಅವನಿಗೆ ಗೊತ್ತಿತ್ತು. ಅವರ ಮುಖದ ಆಸೆ ನೋಡಿ ಸುಮ್ಮನಾಗಿದ್ದ.

ಅದನ್ನು ತಂದ ಮೂರನೇ ದಿನ ಬೆಳಿಗ್ಗೆ ಆಟದ ನಡುವೆ ಅವರು ನಿಂತರು. "ಯಾಕೋ ಎಡಭುಜ ಹಿಡ್ಕೊಂಡಂಗಿದೆ ಚಿನ್ನಪ್ಪ."

"ಹೊಸಾ ಸ್ಟಿಕ್ ಅಲ್ವಾ ಸಾರ್, ಕೈಗೆ ಒಗ್ಗಬೇಕು. ಇನ್ನೆರಡು ಹೊಡೀರಿ, ಸರಿಹೋಗುತ್ತೆ."

ಒಂದು ಹೊಡೆದರು. ಎರಡನೆಯದಕ್ಕೆ ಎತ್ತಿದ ಕೈ ಕೆಳಗಿಳಿಯುವ ಮೊದಲೇ ಹುಲ್ಲಿನ ಮೇಲೆ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೃದಯ ನಿಂತಿತ್ತು.

ಆಮೇಲೆ ಚಿನ್ನಪ್ಪ ಆ ಹುಲ್ಲು ತುಳಿಯಲಿಲ್ಲ, ಈ ಅಂಗಡಿ ಸೇರಿದ. ಬೊಮ್ಮನಹಳ್ಳಿಯ ಗಲ್ಲಿಯಲ್ಲಿ ಮನೆಗೆ ನಡೆಯುವಾಗ, ಚೀಲದೊಳಗೆ ಕೋಲುಗಳು ಒಂದಕ್ಕೊಂದು ತಾಗುವ ಸದ್ದು ಅವನ ಬೆನ್ನ ಹಿಂದೆಯೇ ಬರುತ್ತಿತ್ತು. ತಿರುಗಿದರೆ ಹೂವಿನ ಗಾಡಿ, ನಾಯಿ, ಫ್ಯಾಕ್ಟರಿ ಬಿಟ್ಟು ಬರುವ ಹೆಂಗಸರು. "ಯಾರನ್ನ ಹುಡುಕ್ತೀಯ?" ಎಂದು ಹೆಂಡತಿ ಅಂಕಮ್ಮ ಕೇಳಿದರೆ ಯಾರೂ ಇಲ್ಲವೆನ್ನುತ್ತಿದ್ದ.

ಈ ಜೂನಿನ ಒಂದು ಶನಿವಾರ, ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಹಳೆಯ ಚೀಲ ಹೊತ್ತು ಅಂಗಡಿಗೆ ಬಂದಳು.

"ಭುಜ ನೋವು ಅಂಕಲ್. ಡಾಕ್ಟ್ರಿಗೆ ತೋರಿಸ್ದೆ. ಹಾರ್ಟ್ ಚೆನ್ನಾಗಿದೆ, ಸ್ಟಿಕ್ಕೇ ಚೇಂಜ್ ಮಾಡಿ ಅಂದ್ರು."

ಚೀಲದ ಪಟ್ಟಿಯ ಹೊಲಿಗೆ, ಕ್ಯಾಡಿಯಾಗಿದ್ದಾಗ ಚಿನ್ನಪ್ಪನೇ ಹಾಕಿದ್ದು. ಆಕೆ ಬಲೆಯ ಮುಂದೆ ನಿಂತು ಕೋಲೆತ್ತಿ, ಮೇಲೆ ಅರೆಕ್ಷಣ ತಡೆದು ಇಳಿಸಿದಳು. ಸೇತುರಾಮರು ಹೊಡೆಯುತ್ತಿದ್ದುದು ಹಾಗೆಯೇ.

"ನಿಮ್ ತಂದೆ..."

"ಸೇತುರಾಮ ಅಂತ. ನಾನು ದಿವ್ಯ. ಅಪ್ಪನ ಸೆಟ್ಟು ಇದು, ಬಿಡೋಕೆ ಮನಸ್ಸಾಗಲ್ಲ."

ಹನ್ನೊಂದು ವರ್ಷ ಯಾರಿಗೂ ಹೇಳದ್ದನ್ನು ಚಿನ್ನಪ್ಪ ನಿಂತ ನಿಲುವಿನಲ್ಲೇ ಹೇಳಿದ. ಕೋಲು ಆರಿಸಿದ್ದು, ಅವರು ನೋವು ಎಂದದ್ದು, ತಾನು ಇನ್ನೆರಡು ಹೊಡೀರಿ ಎಂದದ್ದು. ದಿವ್ಯ ಕೈಯಲ್ಲಿದ್ದ ಕೋಲನ್ನು ಚೀಲಕ್ಕೆ ಸೇರಿಸಿದಳು.

"ಅವತ್ತು ಬೆಳಿಗ್ಗೆ ಕಾಫಿ ಕುಡೀತಾ ನನ್ ಹತ್ರನೂ ಹೇಳಿದ್ರು," ಎಂದಳು. "ಮುಲಾಮು ಹಚ್ಕೊಂಡ್ ಹೋಗಿ ಅಂದಿದ್ದೆ. ಅಮ್ಮಂಗೆ ಇವತ್ತಿಗೂ ಗೊತ್ತಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಿನ್ನಪ್ಪ ಟೇಪು ತೆಗೆದುಕೊಂಡ. ಅಳೆದು ಆರಿಸಿದ್ದು ಹಗುರವಾದ, ಬಳುಕುವ ಕಡ್ಡಿಯ ಕೋಲು. ತಂದೆಯದಕ್ಕಿಂತ ಅರ್ಧ ಇಂಚು ಗಿಡ್ಡ. ಹಿಡಿ ತುಸು ದಪ್ಪ. "ಅವರ ಸ್ಟಿಕ್ ಅವರ ಎತ್ತರಕ್ಕಮ್ಮ. ನಿಮ್ ಆಟ ಬೇರೆ," ಎಂದ. ಅವಳು ಹೂಂಗುಟ್ಟಿದಳು.

ಮೂರು ವಾರಕ್ಕೆ ಹೊಸ ಸೆಟ್ಟು ಬಂತು. ಒಯ್ಯುವಾಗ ದಿವ್ಯ, "ಭಾನುವಾರ ಮೈದಾನಕ್ಕೆ ಬನ್ನಿ ಅಂಕಲ್, ಹೆಂಗೆ ಹೊಡೀತೀನಿ ನೋಡಿ" ಎಂದಳು.

ಆ ಭಾನುವಾರ ಅವನು ಬಸ್ಸು ಹತ್ತಿ ಅದೇ ಹಳೆಯ ಮೈದಾನದ ಗೇಟಿನವರೆಗೂ ಹೋದ. ಕಾವಲಿನವನು ಹೊಸಬ.

"ಯಾರನ್ನ ನೋಡ್ಬೇಕು?"

"ಸೇತುರಾಮ್ ಸಾರ್‌ನ," ಎಂದುಬಿಟ್ಟಿತು ಬಾಯಿ.

ಕಾವಲಿನವನು ಪುಸ್ತಕ ತಿರುವಿ ಹಾಕಿದ. "ಆ ಹೆಸರಿನವರು ಬಂದಿಲ್ವಲ್ಲ."

"ಗೊತ್ತಪ್ಪ," ಎಂದ ಚಿನ್ನಪ್ಪ. ಹಿಂದಕ್ಕೆ ಹೋಗಲಿಲ್ಲ, ಒಳಕ್ಕೂ ಹೋಗಲಿಲ್ಲ. ಆಟ ಮುಗಿಸಿ ದಿವ್ಯ ಹೊರಗೆ ಬರುವವರೆಗೂ ಅಲ್ಲೇ, ಬಿಸಿಲಲ್ಲೇ ನಿಂತಿದ್ದ.