ಬಚ್ಚಲ ರೊಟ್ಟಿ

ಹೊನ್ನಾವರ ಪೇಟೆಯಲ್ಲಿ ಅಂಕಿತಾಳ ಬ್ಯೂಟಿ ಪಾರ್ಲರ್ ಹುಡುಕುವುದು ಕಷ್ಟವೇನಲ್ಲ. ಮದುವೆ ಸೀಸನ್ನಿನಲ್ಲಿ ಯಾವ ಮಹಡಿ ಮೆಟ್ಟಿಲ ಬುಡದಲ್ಲಿ ಹೆಂಗಸರ ಚಪ್ಪಲಿ ರಾಶಿ ಬಿದ್ದಿರುತ್ತದೋ ಅದೇ. ಭಟ್ಕಳದಿಂದ ಕುಮಟೆಯವರೆಗೆ ಮದುಮಗಳ ಜಡೆ ಹೆಣೆಯುವುದಕ್ಕೆ ಅವಳೇ ಬೇಕು. ಜಡೆಯಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ದಿಬ್ಬಣದ ಬಸ್ಸು ಕೈಕೊಟ್ಟರೆ ಅಂಕಿತಾ, ಮಂಟಪಕ್ಕೆ ಹೂವು ಬರದಿದ್ದರೆ ಅಂಕಿತಾ, ಮದುಮಗಳ ಸೋದರಮಾವ ಮುನಿಸಿಕೊಂಡು ಊಟಕ್ಕೆ ಕೂರದಿದ್ದರೂ ಅಂಕಿತಾ. ಒಂದೆರಡು ಫೋನಿನಲ್ಲಿ ಎಲ್ಲವನ್ನೂ ದಾರಿಗೆ ತರುತ್ತಾಳೆ. ಕಾಲೇಜಿನ ಪ್ರವಾಸಗಳಲ್ಲೂ ಅಷ್ಟೇ, ಬಸ್ಸು ಗೊತ್ತುಮಾಡಿದವಳು ಅವಳು, ಉಳಿದವರು ನೀರಿಗಿಳಿದಾಗ ದಡದಲ್ಲಿ ಕೂತು ಎಲ್ಲರ ಚೀಲ ಕಾದವಳೂ ಅವಳೇ.

ಈ ಬೇಸಿಗೆಯಲ್ಲಿ ಮಾತ್ರ ಅವಳಿಗೆ ಸ್ವಂತದ್ದೊಂದು ಆಸೆ ಹುಟ್ಟಿತು. ಕಾಲೇಜಿನಿಂದಲೂ ಜೀವಕ್ಕೆ ಜೀವವಾಗಿದ್ದ ಧನ್ಯಾಳ ಮದುವೆ ನಿಶ್ಚಯವಾಗಿತ್ತು. ಹುಡುಗ ವಿನೋದ ಒಳ್ಳೆಯವನು, ಗುಜರಾತಿನ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಮದುವೆಯಾದ ಕೂಡಲೇ ಧನ್ಯಾಳೂ ಅಲ್ಲಿಗೇ. ಮದುವೆಯ ದಿನ ಹೇಗೂ ಸಿಗುತ್ತಾಳಲ್ಲ ಎಂದರೆ, ಎಷ್ಟೋ ಮದುವಣಗಿತ್ತಿಯರನ್ನು ಸಿಂಗರಿಸಿದ ಅಂಕಿತಾಳಿಗೆ ಗೊತ್ತಿಲ್ಲವೇ? ಅವತ್ತು ಕುರ್ಚಿಯಲ್ಲಿ ಕೂರುವುದು ಗೆಳತಿಯಲ್ಲ, 'ಅಲ್ಲಾಡಬೇಡ' ಎಂದು ಗದರಿಸಿಕೊಳ್ಳುವ ಒಂದು ತಲೆ. ಅದಕ್ಕೆ ಮೊದಲೇ ಧನ್ಯಾಳ ಜೊತೆ ಮನಸಾರೆ ಒಂದೆರಡು ದಿನ ಕಳೆಯಬೇಕು ಎನ್ನಿಸಿತ್ತು.

ಮದುವೆಗೆ ಮುನ್ನ ಗೆಳತಿಯರಷ್ಟೇ ಸೇರಿ ಮಜಾ ಮಾಡುವ ಇಂಥದ್ದಕ್ಕೆ ದೊಡ್ಡ ಊರಿನಲ್ಲಿ ಬ್ಯಾಚಲರೆಟ್ ಪಾರ್ಟಿ ಎಂಬ ಹೆಸರಿದೆಯೆಂದು ಪಾರ್ಲರಿಗೆ ಬಂದ ಮದುಮಗಳೊಬ್ಬಳು ಹೇಳಿದ್ದಳು. ಆ ಕ್ಷಣದಿಂದ ಪಣಜಿಯ ಗುಂಗು ಹಿಡಿಯಿತು. ಭಟ್ಕಳದ ಬ್ಯಾಂಕಿನಲ್ಲಿರುವ ಇನ್ನೊಬ್ಬ ಗೆಳತಿ ಅಮೂಲ್ಯಾ ರಜೆ ಹಾಕಿದಳು. ಶುಕ್ರವಾರದ ರೈಲಿಗೆ ಟಿಕೆಟ್ ಆಯಿತು, ಕಡಲಿಗೆ ಮುಖ ಮಾಡಿದ ರೂಮೂ ಆಯಿತು.

ಮನೆ ಹಿತ್ತಿಲಲ್ಲೇ ಸಮುದ್ರ ಇಟ್ಟುಕೊಂಡು ಪಣಜಿಗೇಕೆ ಎಂದು ಯಾರಾದರೂ ಕೇಳಿಯಾರು. ಕೇಳುವವರು ಗಂಡಸರೇ ಇರಬೇಕು. ಇಲ್ಲಿ ಸಮುದ್ರಕ್ಕೆ ಬರವಿಲ್ಲ, ಗುರುತಿಲ್ಲದ ಕಣ್ಣಿಗೆ ಬರ. ಇಲ್ಲಿನ ದಂಡೆಯಲ್ಲಿ ಧನ್ಯಾಳ ಮೊಣಕಾಲಿನ ಮೇಲೆ ನೀರು ಬಂತೋ, 'ಅದು ಪಾಂಡುವಿನ ಮಗಳಲ್ಲವಾ' ಎಂಬ ಮಾತು ಅವಳಿಗಿಂತ ಮೊದಲೇ ಮನೆ ಮುಟ್ಟುತ್ತದೆ. ದೂರದ ಊರಿನಿಂದ ಬಂದ ಹುಡುಗಿಯರು ಕುತ್ತಿಗೆವರೆಗೆ ನೀರಿನಲ್ಲಿ ನಿಂತು ಕೇಕೆ ಹಾಕುವುದನ್ನು ನೋಡಿಕೊಂಡೇ ಈ ಮೂವರೂ ಬೆಳೆದವರು. ಧನ್ಯಾಳ ಆಸೆಯೂ ಅಷ್ಟೇ ಇತ್ತು.

"ಒಂದು ಸಲ, ಮಾರಾಯ್ತಿ. ಕುತ್ತಿಗಿ ಮಟ್ಟ ನೀರಲ್ಲಿ ನಿಂತ್ಕಣಬೇಕು. ಯಾರೂ ಎಂತದೂ ಹೇಳುಕಾಗ" ಎಂದಿದ್ದಳು. ಅಂಕಿತಾ ಆಯಿತೆಂದು ಮಾತು ಕೊಟ್ಟಿದ್ದಳು.

ಕೆಲಸ ಕೆಡಿಸಿದ್ದು ಬೇರೆ ಯಾರೂ ಅಲ್ಲ, ಅಂಕಿತಾಳ ಚುರುಕುತನವೇ. ಮದುವೆ ಕಾಗದ ಪಣಜಿಯಿಂದ ಬಂದ ಮೇಲೆ ಅಚ್ಚಾದರೂ ಸಾಕಿತ್ತು. ಇವಳು ಸುಮ್ಮನಿರಬೇಕಲ್ಲ? ಪ್ರೆಸ್ಸಿನವನ ಬೆನ್ನುಹತ್ತಿ ಮೊದಲೇ ಅಚ್ಚು ಹಾಕಿಸಿ, ಕಟ್ಟನ್ನು ಸ್ಕೂಟಿಯಲ್ಲಿಟ್ಟುಕೊಂಡು ಸೇತುವೆ ದಾಟಿ ಮಾವಿನಕುರ್ವೆಗೆ ಹೋಗಿ ಹೆಮ್ಮೆಯಿಂದ ಧನ್ಯಾಳ ಅಪ್ಪ ಪಾಂಡು ಅವರ ಕೈಗಿಟ್ಟಳು. ಶರಾವತಿ ಸಮುದ್ರ ಸೇರುವಲ್ಲಿನ ಆ ಕುರ್ವೆಗೆ ನಾಲ್ಕು ಕಡೆಯೂ ಹೊಳೆ. ಪಾಂಡು ಕ್ಯಾಲೆಂಡರ್ ನೋಡಿದರು, ಸಂತೋಷಪಟ್ಟರು.

"ಇವತ್ತು ದಿನಾನೂ ಒಳ್ಳೇದದೆ. ತಡ ಎಂತಕ್ಕೆ?" ಎಂದು ಅರಿಶಿನ ಕುಂಕುಮ ಹಚ್ಚಿ ಕಾಗದವನ್ನು ದೇವರ ಮುಂದೆ ಇಟ್ಟೇಬಿಟ್ಟರು.

ಒಳಗಿನಿಂದ ಧನ್ಯಾಳ ಅಜ್ಜಿ ಗಂಗಿ ಕೈ ಮುಗಿದುಕೊಂಡು ಬಂದರು. "ಆತು. ಇನ್ನು ತಾಳಿ ಬೀಳೂ ತನಕ ಮದುಮಗಳು ಹೊಳೆ ದಾಟೂಕಿಲ್ಲ."

ಆ ಮನೆಯ ನೇಮ ಅದು. ಕಾಗದ ದೇವರ ಮುಂದೆ ಇಟ್ಟ ಮೇಲೆ ಮದುಮಗಳು ಹೊಳೆ ದಾಟಬಾರದು. ನಾಲ್ಕು ಕಡೆ ಹೊಳೆಯಿರುವ ಕುರ್ವೆಯಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ಧನ್ಯಾಳ ಮುಖ ಸಣ್ಣದಾಯಿತು. ಅಂಕಿತಾಳಿಗೆ ತನ್ನ ಎಡವಟ್ಟು ಹೊಳೆಯಿತು. ಆದರೂ ಮಾತಿನಲ್ಲಿ ಸೋಲುವವಳಲ್ಲ.

"ನಾವು ಸೇತುವೆ ಮೇಲೆ ಹೋಗೂದಲ್ಲಾ ಅಜ್ಜಿ? ಕಾಲಿಗೆ ಒಂದು ಹನಿ ನೀರೂ ತಾಗೂದಿಲ್ಲ."

"ಸೇತುವೆ ಕೆಳಗೆ ಹರಿಯೂದು ಎಂತದು, ಚಾಯಾ?" ಎಂದರು ಗಂಗಜ್ಜಿ. "ಅಷ್ಟಕ್ಕೂ ಹೋಗೂದು ಎಂತಕ್ಕೆ?"

"ಬ್ಯಾಚಲರೆಟ್ ಅಂತ, ಅಜ್ಜಿ."

"ಬಚ್ಚಲ ರೊಟ್ಟಿಯಾ?" ಅಜ್ಜಿ ಬೆರಗಾದರು. "ಬಚ್ಚಲಲ್ಲಿ ರೊಟ್ಟಿ ಸುಡೂಕೆ ಪಣಜಿಗೆ ಹೋಗ್ಬೇಕಾ? ನಮ್ಮನೆ ಬಚ್ಚಲೊಲೆಗೆ ಎಂತ ಆಗದೆ?"

ಪಾಂಡು ನಕ್ಕು ನಕ್ಕು ಕೆಮ್ಮಿದರು. ಹುಡುಗಿಯರಿಗೆ ನಗು ಬರಲಿಲ್ಲ. ಸಂಜೆ ಫೋನಿನಲ್ಲಿ ಸುದ್ದಿ ಕೇಳಿದ ಅಮೂಲ್ಯಾ ತನ್ನ ಹವ್ಯಕ ಮನೆಮಾತಿನಲ್ಲೇ ತೀರ್ಪು ಕೊಟ್ಟಳು: "ಟಿಕೆಟ್ ಇದ್ದು, ರಜೆ ಇದ್ದು, ಮದುಮಗಳೇ ಇಲ್ಲೆ." ಊರಿನವರ ಮದುವೆಗಳನ್ನೆಲ್ಲ ದಡ ಹತ್ತಿಸಿದ ತನ್ನ ಕೈ, ತನ್ನದೇ ಕೆಲಸಕ್ಕೆ ಬಂದಾಗ ಹೀಗಾಯಿತಲ್ಲ ಎಂದು ಅಂಕಿತಾ ಅವತ್ತು ಪಾರ್ಲರಿನ ಬಾಗಿಲು ಹಾಕಿಕೊಂಡು ಅತ್ತಳು. ಧನ್ಯಾ ಹೋಗಿಬಿಟ್ಟರೆ ತನ್ನನ್ನು ಕೆಲಸವಿಲ್ಲದೆ ಕರೆಯುವವರು ಯಾರೂ ಉಳಿಯುವುದಿಲ್ಲ ಎಂಬುದು ಅವಳಿಗೆ ಆಗಲೇ ಪೂರ್ತಿ ತಿಳಿದದ್ದು.

ಮರುದಿನ ಪಾರ್ಲರಿಗೆ ಫೋನ್ ಬಂತು. ಮಾಡಿದವರು ಗಂಗಜ್ಜಿ. ಅವರಿಗೆ ಫೋನ್ ಹಚ್ಚಿಕೊಟ್ಟ ಧನ್ಯಾ ಪಕ್ಕದಲ್ಲಿ ಮೂಗು ಒರೆಸಿಕೊಳ್ಳುವುದು ಕೇಳಿಸುತ್ತಿತ್ತು.

"ಇಲ್ಲಿ ಕೇಳು ಮಗಾ. ಈ ಹುಡುಗಿ ರಾತ್ರಿ ಊಟ ಬಿಟ್ಟದೆ. ಪಣಜಿ ಅಂದ್ರೆ ಎಂತ, ನೀರಲ್ಲಿ ಮೀಯೂದೇ ಸೈಯಾ?"

"ಹೌದಜ್ಜಿ. ಯಾರೂ ನೋಡದೆ ಇದ್ದಲ್ಲಿ."

"ಹೊಳೆ ದಾಟುಕಾಗ ಅಂತ ನಾ ಹೇಳದ್ದು ಹೌದು. ಅರ್ಧ ಹೋಗಿ ತಿರುಗಿ ಬಂದ್ರೆ ದಾಟಿದ ಹಾಗಾತ್ತಾ?"

ಅಂಕಿತಾಳಿಗೆ ತಲೆಬುಡ ತಿಳಿಯಲಿಲ್ಲ. ಅಜ್ಜಿ ಬಿಡಿಸಿ ಹೇಳಿದರು. ಇಳಿತದ ಹೊತ್ತಿಗೆ ನಡು ಹೊಳೆಯಲ್ಲಿ ಮರಳಿನ ದಿಬ್ಬ ಏಳುತ್ತದೆ. ಬೇಸಿಗೆಯಲ್ಲಿ ಅಲ್ಲಿನ ನೀರು ಸಮುದ್ರದಷ್ಟೇ ಉಪ್ಪು. ಆ ದಿಬ್ಬ ಯಾವ ಊರಿಗೂ ಸೇರಿದ್ದಲ್ಲ, ಅಲ್ಲಿಗೆ ಯಾರ ಮನೆಯ ಕಿಟಕಿಯೂ ಕಾಣುವುದಿಲ್ಲ. ಪಕ್ಕದ ಮನೆಯ ನಾಗ ದೋಣಿಯಲ್ಲಿ ಬಿಟ್ಟು, ನೀರು ಏರುವ ಮೊದಲು ಬಂದು ಕರೆದುಕೊಂಡು ಹೋಗುತ್ತಾನೆ.

"ದೇವರು ಒಪ್ಪತ್ರಾ ಅಜ್ಜಿ?" ಅಂಕಿತಾ ಸಣ್ಣ ದನಿಯಲ್ಲಿ ಕೇಳಿದಳು.

"ನೇಮ ಹೇಳದವ್ಳು ನಾನು. ದೇವರಿಗೆ ನಾ ಹೇಳ್ಕಂತೆ."

ಶನಿವಾರ ಬೆಳಿಗ್ಗೆ ನಾಗನ ದೋಣಿ ಮೂವರು ಹುಡುಗಿಯರನ್ನೂ ಗಂಗಜ್ಜಿಯನ್ನೂ ದಿಬ್ಬದ ಮೇಲೆ ಇಳಿಸಿ ಹೋಯಿತು. ಅಜ್ಜಿಯ ಮಡಿಲಲ್ಲಿ ಬಾಳೆಲೆ ಕಟ್ಟಿದ ಬುಟ್ಟಿಯಿತ್ತು. ಬಿಚ್ಚಿದರೆ ಒಳಗೆ ಬಿಸಿ ಆರದ ಅಕ್ಕಿ ರೊಟ್ಟಿ, ಒಣ ಸಿಗಡಿಯ ಚಟ್ನಿ, ಮತ್ತು ಅಮೂಲ್ಯಾ ಮೀನು ತಿನ್ನುವುದಿಲ್ಲವೆಂದು ಅವಳಿಗೇ ಬೇರೆ ಕಟ್ಟಿದ ಕಾಯಿ ಚಟ್ನಿ.

"ಮೀಯೂದೂ ಆತು, ರೊಟ್ಟಿನೂ ಆತು" ಎಂದರು ಅಜ್ಜಿ. "ನಿಮ್ಮ ಬಚ್ಚಲ ರೊಟ್ಟಿ ಅಂದ್ರೆ ಇದೇ ಅಲ್ಲಾ?"

"ಇದೇ ಅಜ್ಜಿ" ಎಂದಳು ಧನ್ಯಾ. ಹೇಳುವಾಗಲೇ ಅವಳ ಕಾಲು ನೀರಿನಲ್ಲಿತ್ತು. ಅಮೂಲ್ಯಾಳ ಕೈ ಹಿಡಿದುಕೊಂಡು ಸೊಂಟದವರೆಗೆ, ಆಮೇಲೆ ಎದೆಯವರೆಗೆ ಹೋದಳು. ಅಲ್ಲಿ ಮೊಣಕಾಲು ಮಡಚಿ ಕುತ್ತಿಗೆವರೆಗೆ ಮುಳುಗಿ ಒಂದು ಕೇಕೆ ಹಾಕಿದಳು ನೋಡಿ, ದಿಬ್ಬದ ಆ ತುದಿಯಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ಏನಾಯಿತೆಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಅಂಕಿತಾ ದಡದಲ್ಲಿದ್ದಳು. ಚೀಲಗಳನ್ನು ಒತ್ತಟ್ಟಿಗಿಟ್ಟು, ಚಪ್ಪಲಿ ಜೋಡಿಸಿ, ಟವೆಲ್ ಮಡಚಿ, ಫೋಟೋ ತೆಗೆಯಲು ಫೋನ್ ಹಿಡಿದು ನಿಂತಿದ್ದಳು.

"ನೀ ಎಂತ ಮಾಡ್ತೆ ಅಲ್ಲಿ? ಬಾ!" ಧನ್ಯಾ ನೀರಿನಿಂದ ಕೂಗಿದಳು.

"ಸಾಮಾನು ಅದೆಯಲ್ಲ, ಮಾರಾಯ್ತಿ. ಮತ್ತೆ ನಾನು ಬದಲಿ ಬಟ್ಟೆ ತರಲಿಲ್ಲ."

ಅದು ನಿಜವಾಗಿತ್ತು. ಧನ್ಯಾಳಿಗೆ ಎರಡು ಜೊತೆ ಬಟ್ಟೆ ತಂದಿದ್ದಳು, ಅಮೂಲ್ಯಾ ಮರೆತರೆ ಇರಲಿ ಎಂದು ಅವಳಿಗೊಂದು ಜೊತೆ ತಂದಿದ್ದಳು. ತಾನೂ ಒದ್ದೆಯಾಗಬಹುದೆಂದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಇದನ್ನು ಹೇಳಿದ ಮೇಲೆ ಅವಳಿಗೇ ತನ್ನ ಮೇಲೆ ಕನಿಕರ ಬಂತು.

ಗಂಗಜ್ಜಿ ಅವಳ ಕೈಯಿಂದ ಫೋನ್ ಕಿತ್ತುಕೊಂಡು ಬುಟ್ಟಿಯಲ್ಲಿ ರೊಟ್ಟಿಯ ಪಕ್ಕ ಇಟ್ಟರು. "ಇಲ್ಲಿ ಸಾಮಾನು ಕದೀಲಿಕ್ಕೆ ಏಡಿ ಬರ್ಬೇಕು. ನಾ ಕಾಯ್ತೆ, ನೀ ಇಳಿ. ನನ್ನ ಹತ್ರ ಇನ್ನೊಂದು ಸೀರೆ ಅದೆ."

ಅಂಕಿತಾ ಇಳಿದಳು. ನೀರು ಮೊದಲು ತಣ್ಣಗಿತ್ತು, ಆಮೇಲೆ ಹಿತವಾಯಿತು. ಧನ್ಯಾ ಬಂದು ಅವಳ ಎರಡೂ ಕೈ ಹಿಡಿದಳು. ಕುತ್ತಿಗೆವರೆಗೆ ನೀರಿನಲ್ಲಿ ಇಬ್ಬರೂ ಎದುರುಬದುರು ನಿಂತರು. ಗುಜರಾತಿನ ಮಾತು, ಮರೆಯಬೇಡ ಎಂಬ ಮಾತು, ಯಾವುದೂ ಬರಲಿಲ್ಲ. "ನಿನ್ನ ಕಾಡಿಗೆ ಇಳಿದದೆ" ಎಂದು ಧನ್ಯಾ ತನ್ನ ಒದ್ದೆ ಬೆರಳಿನಿಂದ ಅದನ್ನು ಒರೆಸಿದಳು. ಇಷ್ಟು ವರ್ಷ ಬೇರೆಯವರ ಮುಖ ತಿದ್ದಿದ ಅಂಕಿತಾ, ಅಲ್ಲಾಡದೆ ಮುಖ ಒಡ್ಡಿ ನಿಂತಳು. ಇಂಥ ಸುಖ ಪಣಜಿಯಲ್ಲೂ ಸಿಗುತ್ತಿತ್ತೋ ಇಲ್ಲವೋ, ಅವಳಿಗೆ ಅದರ ಚಿಂತೆ ಉಳಿದಿರಲಿಲ್ಲ.

ನೀರು ಏರುವ ಮೊದಲು ನಾಗ ದೋಣಿ ತಂದ. ಅಂಕಿತಾ ಅಜ್ಜಿಯ ಚೌಕಳಿ ಸೀರೆಯನ್ನು ಅಜ್ಜಿಯ ಹಾಗೆಯೇ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು. ಕೂದಲು ಬಿಚ್ಚಿಕೊಂಡು ಉಪ್ಪಿಗೆ ಗಂಟುಗಟ್ಟಿತ್ತು, ಮುಖದಲ್ಲಿ ಪೌಡರಿನ ಗುರುತೂ ಇರಲಿಲ್ಲ. ಕೈಗೆ ಫೋನ್ ಇನ್ನೂ ಬಂದಿರಲಿಲ್ಲ, ಕೇಳಬೇಕೆಂದು ನೆನಪೂ ಆಗಿರಲಿಲ್ಲ.

ದೋಣಿ ನಿಲ್ಲುವ ದಕ್ಕೆಯಲ್ಲಿ ಪಾಂಡು ಕಾಯುತ್ತಿದ್ದರು. ಮಗಳ ಕೈಹಿಡಿದು ಇಳಿಸಿದರು, ಅಮೂಲ್ಯಾಳ ಚೀಲ ಇಸಿದುಕೊಂಡರು. ಹಿಂದೆ ಇಳಿದವಳನ್ನು ನೋಡಿ ಕಣ್ಣು ಕಿರಿದು ಮಾಡಿ ತಾಯಿಯನ್ನು ಕೇಳಿದರು.

"ಅಬ್ಬೇ, ಇದು ಯಾರು? ಯಾವ ಊರಿನ ಹುಡುಗಿ?"

ಅಂಕಿತಾ ಬಾಯ್ತುಂಬ ನಕ್ಕಳು.

"ಪಣಜಿಯಿಂದ ಬಂದವ್ಳು, ಪಾಂಡುಮಾವ" ಎಂದಳು.